ಸೂಲಗಿತ್ತಿ ಆಯಿಗೆ ಎಲುಬಿನ ಹೆಸರು ಕಲಿಸಿದ್ದು

ಟಕ್. ಕಾನ್ವೆಂಟಿನ ಸಿಸ್ಟರ್ ಕೈಯ ಬೆತ್ತ ಗೋಡೆಯ ಚಾರ್ಟಿನ ಮೇಲೆ ಬೀಳುತ್ತಿದ್ದ ಸದ್ದು. ಒಂದು ಟಕ್‌ಗೆ ಒಂದು ಹೆಸರು. ‘ಸ್ಕಲ್’ ಎಂದು ಇಡೀ ಕ್ಲಾಸು ಕೂಗುತ್ತಿತ್ತು. ಟಕ್. ‘ಕ್ಲಾವಿಕಲ್.’ ಟಕ್. ‘ಸ್ಟರ್ನಮ್.’ ಟಕ್. ‘ರಿಬ್ಸ್.’ ಸೊಂಟದ ಹತ್ತಿರ ಬಂದೊಡನೆ ಬೆತ್ತ ಗಾಳಿಗೆ ಎದ್ದು, ಸದ್ದಿಲ್ಲದೆ ಹಾರಿ, ಮೊಣಕಾಲಿನ ಮೇಲೆ ಇಳಿಯುತ್ತಿತ್ತು. ಟಕ್. ‘ಪಟೆಲ್ಲಾ!’

ನಡುವಿನ ಭಾಗಕ್ಕೆ ಸಿಸ್ಟರ್ ಕಂದು ಕಾಗದ ಅಂಟಿಸಿಬಿಟ್ಟಿದ್ದರು. ನಾಲ್ಕೂ ಅಂಚಿಗೆ ಗೋಂದು ಹಚ್ಚಿ, ಬಲು ನೀಟಾಗಿ. ಹೈಜೀನ್ ಕ್ಲಾಸಿನಲ್ಲಿ ನಾವು ಮನುಷ್ಯನನ್ನು ತಲೆಯಿಂದ ಸೊಂಟದವರೆಗೆ ಮತ್ತು ಮೊಣಕಾಲಿನಿಂದ ಹಿಮ್ಮಡಿಯವರೆಗೆ ಕಲಿತೆವು. ನಡುವೆ ಏನಿದೆ ಎಂದು ಯಾರೂ ಕೇಳಲಿಲ್ಲ. ಅಂಥ ಕ್ವೆಶ್ಚನ್ ಕೇಳುವ ಹುಡುಗಿಯರನ್ನು ಕಾನ್ವೆಂಟಿನಲ್ಲಿ ಗುಡ್ ಗರ್ಲ್ಸ್ ಎನ್ನುತ್ತಿರಲಿಲ್ಲ.

ಹುಬ್ಬಳ್ಳಿಯ ಮಾತು ಇದು, ಮೂವತ್ತರ ದಶಕದ ನಡುವಿನದು. ನನಗಾಗ ಹನ್ನೆರಡು ವರ್ಷ. ತಂದೆ ರೈಲ್ವೆ ಆಫೀಸಿನಲ್ಲಿ ಕ್ಲರ್ಕ್. ಮಗಳ ಇಂಗ್ಲಿಷ್ ‘ಪ್ರಾಪರ್’ ಆಗಬೇಕೆಂಬ ಹಟ ಅವರದು. ಆ ಇಂಗ್ಲಿಷಿನಿಂದ ಮನೆಗೆ ಆಗುತ್ತಿದ್ದ ಉಪಯೋಗವೆಂದರೆ ಟೆಲಿಗ್ರಾಂ ಬಂದಾಗ ಓದುವುದು, ಔಷಧದ ಬಾಟಲಿಯ ಚೀಟಿ ಓದುವುದು, ಇಷ್ಟೇ. ಒಂದು ಮಧ್ಯಾಹ್ನ ಆಯಿ ಬಂದು ಹಿತ್ತಲ ಕಟ್ಟೆಯ ಮೇಲೆ ಕೂತಳು ನೋಡಿ, ಆವಾಗಿನಿಂದ ನನ್ನ ಇಂಗ್ಲಿಷಿಗೆ ಬೇರೆ ಕೆಲಸ ಬಂತು.

ಆಯಿ ಎಂದರೆ ನನ್ನ ಸ್ವಂತ ಅಜ್ಜಿಯಲ್ಲ. ಓಣಿಗೆಲ್ಲ ಅವಳು ಆಯಿ, ಸೂಲಗಿತ್ತಿ. ನನ್ನನ್ನೂ ನನ್ನ ಇಬ್ಬರು ತಮ್ಮಂದಿರನ್ನೂ ಮೊಟ್ಟಮೊದಲು ಮುಟ್ಟಿದ ಕೈ ಅವಳದು. ಕುಳ್ಳ ಹೆಂಗಸು, ಮೈಕಟ್ಟಿಗೆ ಹೋಲಿಸಿದರೆ ಅಂಗೈ ಮಾತ್ರ ದೊಡ್ಡದು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೆರಿಗೆಯಾದ ಮನೆಗಳಲ್ಲಿ ಕೊಡುವ ಜೋಳ, ಸೀರೆ, ಕುಬಸದ ಖಣ, ಅದೇ ಅವಳ ಸಂಸಾರ.

‘ಬಾಯಾರ, ನನ್ನ ಕೈ ಕಟ್ಟಿ ಹಾಕಾಕತ್ತಾರ್ರಿ,’ ಎಂದಳು ಅವ್ವನಿಗೆ.

‘ಯಾರು? ಯಾಕ?’

‘ದವಾಖಾನ್ಯಾವ್ರು. ಇನ್ನ ಮ್ಯಾಲ ಸರಕಾರದ ಹಿತ್ತಾಳಿ ಬಿಲ್ಲಿ ಇದ್ದಾಕಿನ ಹೆರಿಗಿ ಮಾಡಬೇಕಂತ. ಬಿಲ್ಲಿ ಬೇಕಂದ್ರ ಪರೀಕ್ಷಾ ಪಾಸ್ ಆಗಬೇಕಂತ. ಬುಧವಾರಕ್ಕೊಮ್ಮೆ ಕರದು ಕುಂದ್ರಿಸಿ ಕಲಸ್ತಾರ. ನರ್ಸಬಾಯಿ ಹೇಳಿದ್ದು ಎಲ್ಲಾ ತಿಳೀತೈತ್ರಿ, ಕೈ ತೊಳಿಯೂದು, ಕತ್ರಿ ಕುದಸೂದು. ಆದ್ರ ಹೆಸರು! ಮೈಯಾಗಿಂದು ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಹೆಸರು. ಪರೀಕ್ಷಾ ಮಾಡು ಡಾಕ್ಟರಬಾಯಿಗೆ ನಮ್ಮ ಮಾತು ಬರೂದಿಲ್ಲಂತ.’

ಸೆರಗಿನ ಗಂಟು ಬಿಚ್ಚಿ ಒಂದು ಹಾಳೆ ತೆಗೆದಳು. ಟೈಪ್ ಮಾಡಿದ ಇಂಗ್ಲಿಷ್ ಹೆಸರುಗಳು, ಹಾಳೆ ತುಂಬ. ಆಯಿಗೆ ಕನ್ನಡ ಅಕ್ಷರವೂ ಗೊತ್ತಿರಲಿಲ್ಲ.

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದಲೇ ನಕ್ಕಳು. ‘ಅಲ್ಲಬೇ ಆಯಿ, ಕೂಸು ಹಿಡ್ಯಾಕ ಇಂಗ್ಲಿಷ್ ಯಾಕಂತ? ಹುಟ್ಟಿದ್ದು ಇಂಗ್ಲಿಷ್‌ನ್ಯಾಗ ಅಳತೈತೇನು?’

‘ಅಳತಿದ್ರ ಆ ಡಾಕ್ಟರಬಾಯಿಗರ ತಿಳೀತಿತ್ತಲ್ಲಬೇ!’ ಎಂದಳು ಆಯಿ. ಆದರೆ ಮುಖದಲ್ಲಿ ನಗು ಇರಲಿಲ್ಲ.

ಅವ್ವ ನನ್ನ ಕಡೆ ತಿರುಗಿದಳು. ‘ಕಾನ್ವೆಂಟಿಗೆ ಸುಮ್ನ ಹೋಗ್ತೀಯೇನು? ಆಯಿಗೆ ಹೇಳಿಕೊಡು.’

ಹೀಗೆ ನಾನು ಟೀಚರ್ ಆದೆ. ಸ್ಕೂಲಿನಿಂದ ಬಂದು ಫ್ರಾಕ್ ಬದಲಿಸುವ ಮೊದಲೇ ಹಿತ್ತಲಿಗೆ ಓಡುತ್ತಿದ್ದೆ. ಸಿಸ್ಟರ್‌ರ ಚಾರ್ಟನ್ನು ನೆನೆಸಿಕೊಂಡು ಹಿತ್ತಲ ಗೋಡೆಯ ಮೇಲೆ ಇದ್ದಲಿಯಿಂದ ಒಬ್ಬ ಮನುಷ್ಯನನ್ನು ಬರೆದೆ, ನನ್ನಷ್ಟೇ ಎತ್ತರದವನನ್ನು. ಎದೆಯಲ್ಲಿ ಹಾರ್ಟ್, ಅದರ ಕೆಳಗೆ ಲಿವರ್, ಸ್ಟಮಕ್, ಎರಡು ಕಿಡ್ನಿ. ದೀಪಾವಳಿಗೆ ಸುಣ್ಣ ಹಚ್ಚಿಸಿದ ಗೋಡೆ ಅದು. ಅವ್ವ ನೋಡಿ ಹಣೆ ಚಚ್ಚಿಕೊಂಡಳು. ತಂದೆಯ ಆಫೀಸಿನವರು ಯಾರಾದರೂ ಬಂದರೆ ಅವನ ಮೇಲೊಂದು ಜಮಖಾನೆ ಇಳಿಬಿಡುತ್ತಿದ್ದಳು.

ಸೊಂಟದಿಂದ ಮೊಣಕಾಲಿನವರೆಗೆ ನಾನು ಏನೂ ಬರೆದಿರಲಿಲ್ಲ. ನನಗೆ ಗೊತ್ತಿದ್ದರಲ್ಲವೇ ಬರೆಯುವುದು.

‘ಇಲ್ಲಿ ಯಾಕ ಬಯಲು ಬಿಟ್ಟಿ ತಂಗಿ?’

‘ಸಿಸ್ಟರ್ ಅಲ್ಲಿ ಕಾಗದ ಹಚ್ಚ್ಯಾರ.’

ಆಯಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ನನಗ ಬೇಕಾಗಿದ್ದು ಅದಷ್ಟ! ತಾ ಇಲ್ಲಿ ಇದ್ದಲಿ.’

ಜನ್ಮದಲ್ಲಿ ಬಳಪ ಹಿಡಿಯದ ಹೆಂಗಸು ಇದ್ದಲಿ ಹಿಡಿದು, ಕೈಯೆತ್ತದೆ, ಅಗಲ ಬಾಯಿಯ ಪಾತ್ರೆಯಂಥದೊಂದನ್ನು ಬರೆದಳು. ಹಾಳೆಯಲ್ಲಿ ‘ಪೆಲ್ವಿಸ್’ ಎಂಬ ಪದವಿತ್ತು. ತಂದೆಯ ದಪ್ಪ ಡಿಕ್ಷನರಿಯಲ್ಲಿ ಹುಡುಕಿದೆ: ಹಳೆಯ ಲ್ಯಾಟಿನ್ನಿನಲ್ಲಿ ಬೋಗುಣಿ ಎಂಬ ಅರ್ಥ. ಓಡಿಬಂದು ಹೇಳಿದೆ.

‘ಬೋಗುಣಿನ ಖರೇ,’ ಎಂದಳು ಆಯಿ. ‘ಬುಡ ಇಲ್ಲದ ಬೋಗುಣಿ. ಬುಡ ಇದ್ದಿದ್ರ ನೀನೂ ನಾನೂ ಹೊರಗ ಹೆಂಗ ಬರ್ತಿದ್ದಿವಿ?’

ಅವಳಿಗೆ ಹೆಸರು ನೆನಪಿಡುವ ತನ್ನದೇ ದಾರಿ ಇತ್ತು. ನಾನು ನಮ್ಮ ಕ್ಲಾಸಿನ ಹಾಗೆ ಮೇಲಿನಿಂದ ಕೆಳಗೆ ಒಂದೇ ಉಸಿರಿನಲ್ಲಿ ಹೇಳಿಸಲು ಹೋದರೆ ಅವಳಿಗೆ ಒಂದೂ ಹತ್ತುತ್ತಿರಲಿಲ್ಲ. ಅವಳು ಒಂದೊಂದು ಎಲುಬನ್ನು ಒಂದೊಂದು ಮನೆಗೆ ಕಟ್ಟುತ್ತಿದ್ದಳು. ಕ್ಲಾವಿಕಲ್ ಎಂದರೆ ಸಿಂಪಿಗರ ಮೂರನೆಯ ಮಗ. ಹುಟ್ಟುವಾಗ ಭುಜ ಸಿಕ್ಕಿ ಅವನ ಅದೇ ಎಲುಬು ಲಟಕ್ಕೆಂದಿತ್ತು, ಆಯಿ ಅರಿವೆ ಸುತ್ತಿ ಕೂಡಿಸಿದ್ದಳು. ಫೀಮರ್ ಎಂದರೆ ಕಾಲು ಮುಂದೆ ಬಂದ ಅಮರಗೋಳದ ಕೂಸು. ಸ್ಕಲ್ ಎಂದು ನಾನು ನನ್ನ ತಲೆ ತೋರಿಸಿದರೆ ಅವಳು ಒಪ್ಪಲೇ ಇಲ್ಲ.

‘ಇದು ಒಂದ ಎಲುಬಲ್ಲ ತಂಗಿ. ಕೂಸಿಗೆ ಹೋಳು ಹೋಳು ಇರ್ತೈತಿ. ಬರೂವಾಗ ಒಂದರ ಮ್ಯಾಲ ಒಂದು ಸರೀತಾವು, ಹಂಚು ಸರಿಸಿದಂಗ. ಆಮ್ಯಾಲ ಬಿಚ್ಚಿಕೋತಾವು. ನೆತ್ತಿ ಮುಂದೊಂದು, ಹಿಂದೊಂದು ಮೆತ್ತಗಿನ ಜಾಗಾ.’

ಹಾಳೆಯಲ್ಲಿ ಅದಕ್ಕೂ ಹೆಸರಿತ್ತು, ಫಾಂಟನೆಲ್. ನನ್ನ ಉಚ್ಚಾರ ಸರಿಯೋ ತಪ್ಪೋ ನನಗೇ ಗೊತ್ತಿರಲಿಲ್ಲ. ಆದರೂ ಸಿಸ್ಟರ್‌ರ ಹಾಗೆ ಗದ್ದ ಎತ್ತಿ ಹೇಳಿದೆ. ಆಯಿ ಮೂರು ಸಲ ಹೇಳಿ ಸೆರಗಿನಲ್ಲಿ ಕಟ್ಟಿಕೊಂಡಂತೆ ತಲೆಯಾಡಿಸಿದಳು.

ತಪ್ಪು ನಡೆದದ್ದು ಇಲ್ಲಿ.

ಪರೀಕ್ಷೆಯಲ್ಲಿ ಯಾವುದು ರೈಟ್, ಯಾವುದು ಲೆಫ್ಟ್ ಎಂದೂ ಕೇಳುತ್ತಾರೆಂದು ನರ್ಸ್ ಹೇಳಿದ್ದಳಂತೆ. ಸಿಸ್ಟರ್‌ರ ಚಾರ್ಟಿನಲ್ಲಿ ಹೆಸರುಗಳಿದ್ದವು, ಎಡ ಬಲ ಬರೆದಿರಲಿಲ್ಲ. ನಾನು ಯೋಚನೆ ಮಾಡಿದೆ. ಜಾಗ್ರಫಿ ಕ್ಲಾಸಿನ ಮ್ಯಾಪಿನಲ್ಲಿ ನಮ್ಮ ಬಲಕ್ಕೆ ಈಸ್ಟ್, ಎಡಕ್ಕೆ ವೆಸ್ಟ್. ಚಿತ್ರವೆಂದರೆ ಚಿತ್ರವೇ ಅಲ್ಲವೇ? ಗೋಡೆಯ ಮನುಷ್ಯನ ನಮ್ಮ ಬಲಗಡೆಗೆ ಅರಿಸಿನದ ಬೊಟ್ಟು ಇಟ್ಟು ‘ಇದು ರೈಟ್’ ಎಂದೆ. ನಮ್ಮ ಎಡಗಡೆಗೆ ಕುಂಕುಮದ ಬೊಟ್ಟು ಇಟ್ಟು ‘ಇದು ಲೆಫ್ಟ್’ ಎಂದೆ. ಲಿವರ್ ಕುಂಕುಮದ ಕಡೆಗಿತ್ತು. ಹಾರ್ಟ್ ಅರಿಸಿನದ ಕಡೆಗೆ ವಾಲಿತ್ತು.

ಆಯಿ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡು ಕೇಳಿದ್ದಳು. ನನಗೆ ಆ ಕೈ ಈಗಲೂ ಕಾಣುತ್ತದೆ.

‘ಎದಿ ಬಡಿಯೂದು ಎಡಕ್ಕ ಅಲ್ಲೇನ ತಂಗಿ?’

‘ಚಿತ್ರದಾಗ ಬಲಕ್ಕ ಅದ ಆಯಿ. ಸ್ಕೂಲಿನ ಚಿತ್ರ ಸುಳ್ಳು ಇರ್ತದೇನು?’

‘ಹಂಗೇನು?’ ಎಂದು ಕೈ ತೆಗೆದಳು. ‘ಓದಿದಾಕಿ ನೀನು. ನಿನಗ ಗೊತ್ತು.’

ಎಷ್ಟು ಕೂಸುಗಳ ಎದೆಬಡಿತವನ್ನು ಬೆರಳ ತುದಿಯಲ್ಲಿ ಕಂಡವಳು, ಒಂದು ಫ್ರಾಕ್ ಹಾಕಿದ ಹುಡುಗಿಯ ಇದ್ದಲಿ ಚಿತ್ರವನ್ನು ನಂಬಿದಳು. ನಾನೋ, ಮರುದಿನ ಅದನ್ನೇ ಇನ್ನೂ ಗಟ್ಟಿಯಾಗಿ ಬಾಯಿಪಾಠ ಮಾಡಿಸಿದೆ.

ಪರೀಕ್ಷೆ ಒಂದು ಶನಿವಾರ. ನಮಗೆ ಅರ್ಧ ದಿನ ಸ್ಕೂಲು. ಆಯಿ ಒಗೆದ ಇಳಕಲ್ ಸೀರೆ ಉಟ್ಟು, ‘ನೀ ಬಾ ತಂಗಿ, ಬಾಗಲದಾಗ ನಿಂದ್ರು. ನಿನ್ನ ಮಾರಿ ಕಂಡ್ರ ಹೆಸರು ನೆನಪಾಗ್ತಾವು,’ ಎಂದು ಕರೆದುಕೊಂಡು ಹೋದಳು. ಒಳಗೆ ಡಾಕ್ಟರಬಾಯಿ ಮೇಜಿನ ಹಿಂದೆ, ನರ್ಸ್ ಪಕ್ಕದಲ್ಲಿ, ಗೋಡೆಗೆ ಒಂದು ಚಿತ್ರ. ಅದರ ನಡುವಿಗೆ ಕಾಗದವಿರಲಿಲ್ಲ. ನಾನು ಬಾಗಿಲಲ್ಲಿ ನಿಂತೆ.

ಎಲುಬುಗಳೆಲ್ಲ ಒಂದೊಂದಾಗಿ ಬಂದವು. ಪೆಲ್ವಿಸ್ ಎಂದಾಗ ಡಾಕ್ಟರಬಾಯಿ ‘ಗುಡ್’ ಎಂದರು. ಫಾಂಟನೆಲ್ ಕೇಳಿ ಕನ್ನಡಕದ ಮೇಲಿಂದ ನೋಡಿದರು. ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಅಷ್ಟು ಹೆಮ್ಮೆ.

‘ಲಿವರ್?’

‘ಲಿವರ್ ಲೆಫ್ಟ್,’ ಎಂದಳು ಆಯಿ.

ಡಾಕ್ಟರಬಾಯಿಯ ಪೆನ್ಸಿಲ್ ನಿಂತಿತು. ‘ಹಾರ್ಟ್?’

ಆಯಿಯ ಕೈ ತಾನಾಗಿಯೇ ತನ್ನ ಎಡ ಎದೆಗೆ ಹೋಯಿತು. ಅಲ್ಲಿಂದಲೇ ನನ್ನ ಕಡೆ ನೋಡಿದಳು. ನಾನು ಅಲ್ಲ ಎಂದು ತಲೆಯಾಡಿಸಿದೆ. ಕೈ ನಿಧಾನವಾಗಿ ಬಲಕ್ಕೆ ಸರಿಯಿತು.

‘ಹಾರ್ಟ್ ರೈಟ್.’

ಡಾಕ್ಟರಬಾಯಿ ಹಾಳೆಯ ಮೇಲೆ ಅಡ್ಡಗೆರೆ ಎಳೆದು ನರ್ಸ್‌ಗೆ ಏನೋ ಹೇಳಿದರು. ಹೃದಯ ಯಾವ ಕಡೆಗಿದೆ ಎಂದು ಗೊತ್ತಿಲ್ಲದವಳ ಕೈಗೆ ಬಸುರಿಯರನ್ನು ಒಪ್ಪಿಸುವುದು ಹೇಗೆ ಎಂಬರ್ಥದ ಇಂಗ್ಲಿಷು ಅದು. ಆಯಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು. ನರ್ಸ್ ಮೆತ್ತಗೆ ಹೇಳಿದಳು, ‘ಮೂರು ತಿಂಗಳ ಬಿಟ್ಟು ಮತ್ತ ಬಾ ಆಯಿ. ಅಲ್ಲೀಮಟ ಎಲ್ಲೂ ಹೆರಿಗಿಗೆ ಹೋಗಬ್ಯಾಡ.’

ನಮ್ಮ ಮನೆಯ ಮುಂದೆ ಬಂದಾಗ, ‘ನಿನ್ನ ತಪ್ಪಲ್ಲ ತಂಗಿ, ನನ್ನ ತಲಿನ ದಡ್ಡ,’ ಎಂದು ನನ್ನ ಕೆನ್ನೆ ಮುಟ್ಟಿ ಹೋದಳು. ನನ್ನ ತಪ್ಪು ಇರಬಹುದೆಂಬ ಯೋಚನೆ ನನಗೆ ಆಗಿನವರೆಗೆ ಬಂದೇ ಇರಲಿಲ್ಲ.

ಮರುದಿನವೇ ಅಮರಗೋಳದಿಂದ ಒಬ್ಬ ರೈತ ಚಕ್ಕಡಿ ಹೂಡಿಕೊಂಡು ಬಂದ. ಆಯಿ ಮನೆಯಲ್ಲಿಲ್ಲವೆಂದು ನಮ್ಮಲ್ಲಿಗೇ ಬಂದಿದ್ದ. ಅವಳು ನಮ್ಮ ಹಿತ್ತಲ ಕಟ್ಟೆಯ ಮೇಲೇ ಕೂತಿದ್ದಳು. ‘ನಾ ಬರಾಂಗಿಲ್ಲೋ ತಮ್ಮಾ, ನನಗ ಬಿಲ್ಲಿ ಇಲ್ಲ. ದವಾಖಾನಿಗೆ ಕರಕೊಂಡು ಹೋಗು,’ ಎಂದಳು. ಅವನು, ‘ಮೊದಲಿನವು ಎರಡೂ ನೀನ ಹಿಡದಿ, ಇದಕ್ಕ ಯಾಕ ಒಲ್ಲೆ?’ ಎಂದು ಬೇಡಿಕೊಂಡ. ಚಕ್ಕಡಿ ಹೋದ ಮೇಲೆ ತನ್ನ ಅಂಗೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಹೇಳಿದಳು, ‘ಸುಮ್ನ ಕುಂತ್ರ ಕಡೀತಾವು ಬಾಯಾರ, ಕೈ.’

ಸೋಮವಾರ ನಾನು ಸಿಸ್ಟರ್ ಹತ್ತಿರ ಹೋದೆ. ಕ್ಲಾಸು ಖಾಲಿಯಿತ್ತು. ‘ಸಿಸ್ಟರ್, ಲಿವರ್ ಯಾವ ಕಡೆಗಿದೆ?’

‘ಬಲಗಡೆ,’ ಎಂದರು.

ನಾನು ಚಾರ್ಟಿನ ಎಡಭಾಗ ತೋರಿಸಿದೆ. ಸಿಸ್ಟರ್ ನನ್ನ ಎರಡೂ ಭುಜ ಹಿಡಿದು ತಿರುಗಿಸಿ, ಚಾರ್ಟಿಗೆ ನನ್ನ ಬೆನ್ನು ಹಚ್ಚಿ ನಿಲ್ಲಿಸಿದರು. ‘ಈಗ ನಿನ್ನ ಬಲಗೈ ಎತ್ತು. ಅವನ ಬಲಗೈ ಎಲ್ಲಿದೆ? ಯಾರ ದೇಹವೋ ಅವರ ಎಡ, ಅವರ ಬಲ. ನೋಡುವವರದಲ್ಲ. ಡಾಕ್ಟರ್ ಬೇರೆ ಕಡೆ ಕತ್ತರಿಸಿದರೆ ಏನಾದೀತು, ಚೈಲ್ಡ್?’

ಅಲ್ಲೇ ಅಳುತ್ತ ಎಲ್ಲ ಹೇಳಿದೆ. ಸಿಸ್ಟರ್ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ‘ಹೋಗಿ ಅವಳಿಗೆ ಹೇಳು. ಇವತ್ತೇ,’ ಎಂದರು. ಕಾನ್ವೆಂಟಿನವರ ಮೇಲೆ ನನಗೆ ಏನೇನು ದೂರುಗಳಿದ್ದರೂ ಆ ‘ಇವತ್ತೇ’ಗೆ ನಾನು ಋಣಿ.

ಮನೆಗೆ ಬಂದರೆ ಅವತ್ತು ಹಬ್ಬವೇನೋ ಇತ್ತು, ತಡವಾಗಿ ಊಟ. ಗಂಡಸರದು ಮುಗಿದಿತ್ತು. ಹಿತ್ತಲ ಪಡಸಾಲೆಯಲ್ಲಿ ಆಯಿಗೆ ಎಲೆ ಹಾಕಿದ್ದರು. ‘ಬಂದ್ಯಾ? ಕೈಕಾಲು ತೊಳಕೊಂಡು ಆಯಿಗೆ ಬಡಸು,’ ಎಂದಳು ಅವ್ವ. ಚಟ್ನಿಯ ಪಾತ್ರೆ ಹಿಡಿದು ಆಯಿಯ ಎದುರು ಬಗ್ಗಿ, ಕಣ್ಣೀರಿನಲ್ಲಿ ಎಲೆ ಸರಿಯಾಗಿ ಕಾಣದೆ, ನನ್ನ ಎಡಕ್ಕೆ ಬಡಿಸಿದೆ.

ಅವ್ವ ಒಳಗಿನಿಂದಲೇ ಗದರಿದಳು. ‘ಏ ಶಾಣ್ಯಾಕಿ! ಚಟ್ನಿ ಉಣ್ಣಾಕೀ ಎಡಕ್ಕ ಹಾಕಬೇಕು, ನಿನ್ನ ಎಡಕ್ಕಲ್ಲ! ಇಂಗ್ಲಿಷ್ ಕಲತು ಎಲಿ ಬಡಸೂದೂ ಮರತ್ಯಾ?’

ನಾನು ಅಲ್ಲೇ ಕೂತುಬಿಟ್ಟೆ. ‘ಆಯಿ, ತಪ್ಪು ನಂದು. ಗೋಡೀ ಮ್ಯಾಲಿಂದೂ ಹಿಂಗ ಹಾಕೀನಿ. ರೈಟ್ ಅಂದ್ರ ಅವನ ರೈಟು. ನಾ ನಮ್ಮದು ಹೇಳಿಕೊಟ್ಟೆ. ನಿನ್ನ ಕೈ ಮೊದಲ ಹೋದ ಕಡೀನ ಖರೇ ಇತ್ತು.’

ಆಯಿ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕೆಳಗಿಟ್ಟಳು. ಎಲೆಯನ್ನು ನೋಡಿದಳು, ತಿರುಗಿ ಗೋಡೆಯನ್ನು ನೋಡಿದಳು. ಅವಳಿಗೆ ಸಿಟ್ಟು ಬರಲೆಂದೇ ನಾನು ಕಾದೆ. ಬಂತು, ಆದರೆ ನನ್ನ ಮೇಲಲ್ಲ.

‘ಕೈಗೆ ಗೊತ್ತಿತ್ತು,’ ಎಂದಳು. ‘ಗೊತ್ತಿದ್ದೂ ಬಿಟ್ಟುಕೊಟ್ಟೆ ನೋಡು. ಸೂಲಗಿತ್ತಿ ಕೈ ಮಾತ ಕೇಳಬೇಕು, ಬಾಯಿ ಮಾತಲ್ಲ. ಯಾವತ್ತೂ ಕೇಳಿದಾಕಿ, ಅವತ್ತೊಂದಿನ ಅಂಜಿದೆ.’

ಆಮೇಲೆ ಚಟ್ನಿಯನ್ನು ಬೆರಳಿನಿಂದ ತಾನೇ ತನ್ನ ಎಡಕ್ಕೆ ಸರಿಸಿದಳು. ‘ಇಷ್ಟ ಹೌದಿಲ್ಲೋ? ಗೋಡೀ ಮ್ಯಾಗಿನಾಂವ ಉಣ್ಣಾಕ ಕುಂತಾನಂತ ತಿಳಕೊಳ್ಳೂದು. ಚಟ್ನಿ ಅವನ ಎಡಕ್ಕ, ಪಲ್ಯ ಅವನ ಬಲಕ್ಕ. ಇದನ್ನ ಮೊದಲ ದಿನ ಹೇಳಬಾರದಿತ್ತೇನ ನನ ಮಗಳ? ಎಷ್ಟು ಮದವ್ಯಾಗ ಎಲಿ ಬಡಸೇನಿ ನಾನು!’

ಊಟವಾದ ಮೇಲೆ ಇಬ್ಬರೂ ಗೋಡೆಯ ಬೊಟ್ಟುಗಳನ್ನು ಅಳಿಸಿ ಅದಲುಬದಲು ಇಟ್ಟೆವು. ಅವತ್ತಿನಿಂದ ನಾನು ಟೀಚರ್ ಆಗಿ ಉಳಿಯಲಿಲ್ಲ. ನಾನು ಹೆಸರು ಹೇಳುವುದು, ಅವಳು ಮೊದಲು ತನ್ನ ಮೈಮೇಲೆ, ಆಮೇಲೆ ನನ್ನ ಮೈಮೇಲೆ ಮುಟ್ಟಿ ನೋಡಿ, ಕೈ ಒಪ್ಪಿದರೆ ಮಾತ್ರ ಬಾಯಿಗೆ ತಂದುಕೊಳ್ಳುವುದು. ಒಪ್ಪದಿದ್ದರೆ, ‘ಮತ್ತೊಮ್ಮೆ ಸಿಸ್ಟರಬಾಯಿನ್ನ ಕೇಳಿ ಬಾ,’ ಎಂದು ನನ್ನನ್ನು ಅಟ್ಟುತ್ತಿದ್ದಳು. ಆ ಮೂರು ತಿಂಗಳು ನಮ್ಮ ಮನೆಯಲ್ಲೇ ಅಕ್ಕಿ ಆರಿಸಿ, ಶಾವಿಗೆ ಹೊಸೆದು ಕಾಲ ಕಳೆದಳು. ಕರೆಯಲು ಬಂದವರನ್ನೆಲ್ಲ ತಿರುಗಿ ಕಳಿಸಿದಳು.

ಎರಡನೆಯ ಸಲ ನನ್ನನ್ನು ಬಾಗಿಲಿಗೆ ಕರೆಯಲಿಲ್ಲ. ‘ನೀ ಗಿಡದ ಕೆಳಗ ಕುಂದ್ರು ತಂಗಿ. ನಿನ್ನ ಮಾರಿ ನೋಡಾಂಗಿಲ್ಲ ಈ ಸಲ,’ ಎಂದಳು. ದವಾಖಾನೆಯ ಬೇವಿನ ಗಿಡದ ಕೆಳಗೆ ನಾನು ಉಗುರು ಕಚ್ಚುತ್ತ ಕೂತಿದ್ದೆ. ಬಹಳ ಹೊತ್ತಿನ ಮೇಲೆ ಹೊರಗೆ ಬಂದಳು. ನಡಿಗೆಯಿಂದ ಏನೂ ಗೊತ್ತಾಗಲಿಲ್ಲ. ಹತ್ತಿರ ಬಂದು ಮುಷ್ಟಿ ಬಿಚ್ಚಿದಳು: ಹಿತ್ತಾಳೆಯ ಬಿಲ್ಲೆ, ಅಂಗೈಯ ಬೆವರಿಗೆ ಒದ್ದೆಯಾಗಿತ್ತು.

ಮನೆಗೆ ಬಂದು ಅವ್ವನ ಮುಂದೆ ಕಥೆ ಹೇಳಿದಳು. ‘ಲಿವರ್ ಹಾರ್ಟ್ ಎಲ್ಲಾ ಕೇಳಿದ್ಲರಿ. ಹೇಳಿದೆ. ಆಮ್ಯಾಲ ಒಬ್ಬಾಕಿ ಬಸರಿನ್ನ ಮಲಗಿಸಿ, ಕೂಸಿನ ಬೆನ್ನು ಯಾವ ಕಡೆ ಐತಿ ಹೇಳು ಅಂದ್ಲು. ಕೈ ಇಟ್ಟೆ. ಎಷ್ಟು ದಿನದ ಮ್ಯಾಲ ಕೈ ಇಟ್ಟಿದ್ದೆನ್ರಿ ಬಾಯಾರ! ಲೆಫ್ಟ್ ಅಂದೆ. ಡಾಕ್ಟರಬಾಯಿ ಹುಬ್ಬ ಏರಿಸಿ, ಯಾರ ಲೆಫ್ಟು ಅಂತ ನರ್ಸಬಾಯಿ ಕಡಿಂದ ಕೇಳಿಸಿದ್ಲು. ಈಕೀದರಿ, ನಂದಲ್ಲ, ನಿಮ್ಮದೂ ಅಲ್ಲ, ಅಂದೆ. ಮತ್ತ, ಈಕಿ ಹೆರಿಗಿಗೆ ಇನ್ನ ಎಂಟು ದಿನ ಸೈತ ಇಲ್ಲ, ಮನಿಗೆ ಕಳಸಬ್ಯಾಡ್ರಿ ಅಂತನೂ ಹೇಳಿದೆ.’

‘ಅದನ್ನ ಕೇಳಿದ್ರೇನು ಅವರು?’ ಎಂದಳು ಅವ್ವ.

‘ಕೇಳಿದ್ದಿಲ್ಲ. ಕೈ ಹೇಳಿತು, ನಾ ಹೇಳಿದೆ.’

ಅವ್ವ ಸಕ್ಕರೆ ಡಬ್ಬಿ ತಂದು ಆಯಿಯ ಬಾಯಿಗೆ ಒಂದು ಚಿಟಿಕೆ ಹಾಕಿದಳು. ಗೋಡೆಯ ಮನುಷ್ಯ ಮುಂದಿನ ದೀಪಾವಳಿಗೆ ಸುಣ್ಣದ ಕೆಳಗೆ ಹೋದ. ಆಯಿ ಮೊದಲಿನಂತೆ ಸಿಗದ ಹೆಂಗಸಾದಳು; ಎಲ್ಲಿ ಹುಡುಕಿದರೂ ಯಾರದೋ ಮನೆಗೆ ಹೋಗಿರುತ್ತಿದ್ದಳು. ನಾನು ಮ್ಯಾಟ್ರಿಕ್ ಆದೆ. ಹದಿನೆಂಟಕ್ಕೆ ಮದುವೆಯೂ ಆಯಿತು. ಗಂಡನ ಊರು ದೂರ. ನನ್ನ ಮೊದಲ ಹೆರಿಗೆಯ ಹೊತ್ತಿಗೆ ಆಯಿ ಉಳಿದಿರಲಿಲ್ಲ. ಅವ್ವನ ಕಾರ್ಡಿನಲ್ಲಿ ಒಂದು ಸಾಲು ಬಂತು, ಅಷ್ಟೇ.

ಅವಳನ್ನು ಕಡೆಯ ಸಲ ನೋಡಿದ್ದು ನಾನು ಗಂಡನ ಮನೆಗೆ ಹೊರಟ ದಿನ ಬೆಳಿಗ್ಗೆ. ಟಾಂಗಾದಲ್ಲಿ ಟ್ರಂಕು, ಹಾಸಿಗೆ ಸುರುಳಿ, ಮುಂದೆ ತಂದೆ, ಹಿಂದೆ ನಾನು, ನನ್ನ ಗಂಡ. ಸಂತೆಯ ದಾರಿಯಲ್ಲಿ ಗದ್ದಲಕ್ಕೆ ಟಾಂಗಾ ನಿಂತಿತ್ತು. ಆಯಿ ಮನೆಗೆ ಬೀಳ್ಕೊಡಲು ಬಂದಿರಲಿಲ್ಲವೆಂದು ನನಗೆ ಒಳಗೊಳಗೇ ನೋವಿತ್ತು. ಅಷ್ಟರಲ್ಲಿ ಎದುರಿಗೆ ಅವಳೇ, ಗೋಪನಕೊಪ್ಪದ ಕಡೆಯಿಂದ ಕರೆಯಲು ಬಂದಿದ್ದ ಒಬ್ಬ ಹರೆಯದ ಗಂಡಸಿನ ಜೊತೆ, ಕಂಕುಳಲ್ಲಿ ಚೀಲ, ಕುಬಸದ ಮೇಲೆ ಬಿಲ್ಲೆ. ಮೊದಲ ಸಲ ತಂದೆಯಾಗುವವನಿರಬೇಕು, ಅವನ ಮುಖ ಬಿಳಿಚಿತ್ತು.

‘ಹೊಂಟೀಯೇನ ತಂಗಿ?’ ಎಂದು ಟಾಂಗಾದ ಕಟ್ಟಿಗೆಗೆ ಕೈ ಹಚ್ಚಿದಳು. ನಾನು ಇಳಿದು ಕಾಲಿಗೆ ಬೀಳಲು ಹೋದೆ.

‘ಇಳೀಬ್ಯಾಡ, ಇಳೀಬ್ಯಾಡ! ನನಗ ನಿಂದ್ರಾಕ ಪುರಸತ್ತಿಲ್ಲ. ಅಲ್ಲಿ ಆಕಿ ಕಾಯಾಕತ್ತಾಳ.’ ನನ್ನ ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ‘ಎಲುಬು ಗಟ್ಟಿ ಅದಾವು. ಛಲೋ ಆತು,’ ಎಂದಳು. ತಂದೆ ಕೆಮ್ಮಿದರು.

ಅಷ್ಟರಲ್ಲಿ ಆ ಗಂಡಸು, ‘ಲಗೂ ಬಾ ಆಯಿ,’ ಎಂದ. ‘ಬಂದ್ನೋ, ಕೂಸೇನು ನಿನ್ನಂಗ ಅವಸರದ್ದಲ್ಲ,’ ಎನ್ನುತ್ತ ಅವಳು ಆಗಲೇ ಅವನನ್ನು ದಾಟಿ ಮುಂದೆ ಹೋಗಿದ್ದಳು. ಅವನು ಹಿಂದಿನಿಂದ ಓಡುತ್ತಿದ್ದ.